ಬಾಡಿಗೆ ರೋಗಿ

ನರ್ಸುಗಳನ್ನು ಹೊರದೇಶಕ್ಕೆ ತಯಾರು ಮಾಡುವ ಆ ತರಬೇತಿ ಕೇಂದ್ರದಲ್ಲಿ ಅವನ ಕೆಲಸ ಮಲಗಿಕೊಳ್ಳುವುದು. ಸೋಮವಾರ ಎದೆನೋವು, ಮಂಗಳವಾರ ಸಕ್ಕರೆ ಕಾಯಿಲೆ, ಬುಧವಾರ ಮುರಿದ ಸೊಂಟ. ವಾರದ ಕೊನೆಗೆ ಒಮ್ಮೊಮ್ಮೆ ಸಾಯಬೇಕಾಗಿಯೂ ಬರುತ್ತಿತ್ತು. ಎಲ್ಲರೂ ಅವನನ್ನು ‘ಪೇಷಂಟು’ ಎಂದೇ ಕರೆಯುತ್ತಿದ್ದರು.

“ಏನ್ ಪೇಷಂಟು, ನಿನ್ನೆ ತಾನೇ ತೀರ್ಕೊಂಡ್ರಿ, ಇವತ್ತು ಎಲ್ಲರಿಗಿಂತ ಮುಂಚೆ ಹಾಜರು?” ಎಂದು ಕಸ ಗುಡಿಸುವವಳು ಕೇಳುತ್ತಿದ್ದಳು.

“ಮೇಲೆ ಬೆಡ್ ಖಾಲಿ ಇಲ್ವಂತೆ ಕಣಮ್ಮ, ವಾಪಸ್ ಕಳಿಸಿದ್ರು” ಎಂದು ಅವನು ಅಂಗಿ ಬಿಚ್ಚಿ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟುಕೊಳ್ಳುತ್ತಿದ್ದ.

ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದು ಆಯಸ್ಸು ಕಳೆದವನಿಗೆ, ಮಲಗಿ ಸಂಪಾದಿಸುವ ಯೋಗ ನಿವೃತ್ತಿಯ ನಂತರ ಬಂದಿತ್ತು. ಅವನು ಅದನ್ನು ಹಗುರವಾಗಿ ತೆಗೆದುಕೊಂಡವನಲ್ಲ. ನರಳುವುದರಲ್ಲಿ ಹೊಟ್ಟೆಯ ನರಳಾಟ ಬೇರೆ, ಬೆನ್ನಿನದು ಬೇರೆ ಎಂದು ಕಲಿತಿದ್ದ. ಅವನು ಕೆಮ್ಮಿದರೆ ಪಾಠ ಹೇಳುವವರೇ ಒಮ್ಮೆ ತಿರುಗಿ ನೋಡುತ್ತಿದ್ದರು.

ಮೊದಲೆಲ್ಲ ಹೊರದೇಶದ ಆಸ್ಪತ್ರೆಗಳು ಒಂದೇ ಸಲಕ್ಕೆ ಬಸ್ಸು ತುಂಬುವಷ್ಟು ನರ್ಸುಗಳನ್ನು ಆರಿಸುತ್ತಿದ್ದವು. ಸರ್ಟಿಫಿಕೇಟು ನೋಡಿ ತಲೆಯಾಡಿಸಿದರೆ ಮುಗಿಯಿತು, ಕುಂದುಕೊರತೆ ಏನಿದ್ದರೂ ಅಲ್ಲಿಗೆ ಹೋದ ಮೇಲೆ ತಿದ್ದಿಕೊಳ್ಳುತ್ತಿದ್ದರು. ಆಮೇಲೆ ಕೆಲಸದ ವೀಸಾದ ಶುಲ್ಕ ಏರಿತು, ಮತ್ತೆ ಏರಿತು, ಈ ವರ್ಷ ಇನ್ನೊಮ್ಮೆ ಏರಿತು. ಅದನ್ನು ಆಸ್ಪತ್ರೆಯೇ ಮುಂಗಡ ಕಟ್ಟಬೇಕು. ಬಂದವಳು ಅಲ್ಲಿ ಎಡವಿ ವಾಪಸಾದರೂ ಕಟ್ಟಿದ್ದು ಕಟ್ಟಿದ್ದೇ. ಹಾಗಾಗಿ ಈ ಸಲ ಬಂದ ಆಸ್ಪತ್ರೆ ಇಬ್ಬರನ್ನು ಮಾತ್ರ ಕೇಳಿತ್ತು. ಇಳಿದ ಮರುದಿನವೇ ವಾರ್ಡಿನಲ್ಲಿ ನಿಲ್ಲುವಂಥ ಇಬ್ಬರು. ಆರಿಸಲು ತನ್ನ ಮೇಟ್ರನ್‌ಳನ್ನೇ ಕಳಿಸಿತ್ತು. ಅವಳೂ ಒಂದು ಕಾಲಕ್ಕೆ ಇಂಥದೇ ಕೇಂದ್ರದಿಂದ ಹಾರಿ ಹೋದವಳು. ಮಾತು ಇನ್ನೂ ಇಲ್ಲಿನದೇ ಇತ್ತು, ನಗು ಮಾತ್ರ ಅಲ್ಲಿನದು: ಹಲ್ಲು ಕಾಣುವುದು, ಕಣ್ಣಿಗೆ ಸುದ್ದಿ ತಲುಪುವುದಿಲ್ಲ.

ಪರೀಕ್ಷೆಗೆ ಬಂದ ಹುಡುಗಿಯರಲ್ಲಿ ಒಬ್ಬಳು ಅವನ ತಂಗಿಯ ಮಗಳು.

ಅವಳು ಭಾಷಾ ಪರೀಕ್ಷೆ ಪಾಸಾಗಿ ಎರಡು ವರ್ಷವಾಗುತ್ತ ಬಂದಿತ್ತು. ಆ ಸರ್ಟಿಫಿಕೇಟಿಗೆ ಇರುವ ಆಯಸ್ಸೂ ಅಷ್ಟೇ. ಈ ಸಲ ತಪ್ಪಿದರೆ ಮತ್ತೆ ಅ ಆ ಇ ಈ. ಅಷ್ಟರಲ್ಲಿ ಆಸ್ಪತ್ರೆಗಳು ಇಬ್ಬರನ್ನಾದರೂ ಕೇಳುತ್ತವೆಯೋ ಇಲ್ಲವೋ, ಬಲ್ಲವರಿಲ್ಲ.

ಆರು ತಿಂಗಳಿಂದ ಅವಳು ಮನೆಯಲ್ಲಿ ಮಾವನ ಮೇಲೇ ಕೈ ಪಳಗಿಸಿದ್ದಳು. ಅವನ ನಾಡಿ ಎಲ್ಲಿ ಹೊಡೆಯುತ್ತದೆ, ಯಾವ ಮಗ್ಗುಲಿಗೆ ತಿರುಗಿಸಿದರೆ ಸಲೀಸು ಎಂಬುದೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಒಂದೇ ಒಂದು ಭಾಗವನ್ನು ಮಾತ್ರ ಇಬ್ಬರೂ ಹಾರಿಸುತ್ತಿದ್ದರು. ಮಾತ್ರೆ ಕೊಡುವ ಮುಂಚೆ ರೋಗಿಯ ಹೆಸರು ಕೇಳಿ, ಅದನ್ನು ಮಣಿಕಟ್ಟಿಗೆ ಕಟ್ಟಿದ ಹೆಸರಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಮೊದಲ ದಿನ ಅವಳು ಗಂಭೀರವಾಗಿ “ನಿಮ್ಮ ಹೆಸರೇನು?” ಎಂದು ಕೇಳಿದ್ದಕ್ಕೆ ತಂಗಿ ಬಟ್ಟೆ ಮಡಿಸುತ್ತಿದ್ದವಳು ನಕ್ಕು ನೆಲಕ್ಕೆ ಕೂತಿದ್ದಳು.

“ಎತ್ತಿ ಆಡಿಸಿದ ಮಾವ ಕಣೇ. ನಾಳೆ ನನ್ನನ್ನ ಕೇಳ್ತೀಯ, ನೀವ್ಯಾರು ಅಂತ.”

ಅಲ್ಲಿಗೆ ಆ ಪ್ರಶ್ನೆ ಮುಗಿದಿತ್ತು.

ಪರೀಕ್ಷೆಯ ಬೆಳಿಗ್ಗೆ ಪ್ರಿನ್ಸಿಪಾಲರು ಬಾಗಿಲಲ್ಲೇ ಕೇಳಿದರು. “ಪೇಷಂಟು, ಇವತ್ತಿನ ಹುಡುಗೀರಲ್ಲಿ ನಿಮ್ಮ ಕಡೆಯವರು ಯಾರೂ ಇಲ್ಲ ತಾನೇ? ಇದ್ರೆ ಹೇಳಿ, ನಮ್ಮ ವಾಚ್‌ಮನ್ನನ್ನ ಮಲಗಿಸ್ತೀನಿ.”

“ಯಾರೂ ಇಲ್ಲ ಸಾರ್” ಎಂದ ಅವನು. ವಾಚ್‌ಮನ್ನನ ಕೈ ಮರದ ಕೊರಡು, ನಾಡಿ ಸಿಗುವುದರಲ್ಲಿ ಹೊತ್ತು ಮುಳುಗುತ್ತದೆ. ತನ್ನ ಮೈಯಾದರೆ ಅವಳಿಗೆ ಅಂಗೈ ನೆಲ್ಲಿ. ಅವನ ಲೆಕ್ಕ ಇಷ್ಟೇ ಇತ್ತು.

ಮೊದಲು ಬಂದ ಹುಡುಗಿ ಹೆದರಿಕೆಯಲ್ಲಿ ಹೆಸರು ಕೇಳುವುದನ್ನು ಮರೆತಳು. ಮಾತ್ರೆಯ ಜಾಗದಲ್ಲಿ ಇಟ್ಟಿದ್ದ ಪೆಪ್ಪರ್‌ಮಿಂಟನ್ನು ಅವನು ನಿಯಮದಂತೆ ತೆಪ್ಪಗೆ ನುಂಗಿದ. ರೋಗಿ ನೆನಪಿಸುವಂತಿಲ್ಲ. ಮೇಟ್ರನ್ ಪೆನ್ನು ಕೆಳಗಿಟ್ಟು, “ಸಾಕಮ್ಮ, ಹೋಗಬಹುದು” ಎಂದಳು. ಆ ಹುಡುಗಿಗೆ ಏನು ತಪ್ಪಾಯಿತೆಂದು ತಿಳಿದದ್ದು ಬಾಗಿಲ ಹತ್ತಿರ. ಅಲ್ಲಿಂದ ಒಮ್ಮೆ ತಿರುಗಿ ಅವನನ್ನು ನೋಡಿದಳು. ಅವನು ಸೊಂಟ ಮುರಿದವನಂತೆ ಛಾವಣಿ ನೋಡಿದ.

ಮಧ್ಯಾಹ್ನ ಅವನ ತಂಗಿಯ ಮಗಳ ಸರದಿ. ಒಳಗೆ ಬಂದವಳು ಅಪರಿಚಿತಳಂತೆ ಬಹುವಚನದಲ್ಲಿ ಮಾತಾಡಿದಳು. “ನೋವು ಎಲ್ಲಿದೆ? ತಿರುಗಿಸ್ತೀನಿ, ನನ್ನ ಭುಜ ಹಿಡ್ಕೊಳ್ಳಿ.” ಎಷ್ಟು ಹದವಾಗಿ ತಿರುಗಿಸಿದಳೆಂದರೆ ನರಳುವುದೇ ಅವನಿಗೆ ಮರೆತುಹೋಯಿತು. ಬೆರಳಿಟ್ಟ ಕೂಡಲೇ ನಾಡಿ ಸಿಕ್ಕಿತು. ಮೇಟ್ರನ್ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. ಇಡೀ ದಿನದಲ್ಲಿ ಅವಳು ಕುರ್ಚಿ ಎಳೆದುಕೊಂಡದ್ದು ಆಗ ಮಾತ್ರ.

ತಂಗಿಯ ಮಗಳು ಮಾತ್ರೆಯ ಪುಟ್ಟ ಬಟ್ಟಲು ತೆಗೆದುಕೊಂಡಳು, ಲೋಟಕ್ಕೆ ನೀರು ಬಗ್ಗಿಸಿದಳು. “ತಗೊಳ್ಳಿ, ನೋವು ಕಮ್ಮಿ ಆಗುತ್ತೆ.”

ಹೆಸರು ಕೇಳಿರಲಿಲ್ಲ.

ಅವನು ಬಟ್ಟಲನ್ನು ಕೈಯಲ್ಲಿ ಹಿಡಿದ. ಬೆಳಗಿನ ಹುಡುಗಿಯ ವಿಷಯದಲ್ಲಿ ಅಷ್ಟು ಸುಲಭವಾಗಿ ಗಂಟಲಿಗಿಳಿದದ್ದು ಈಗ ಬಾಯಿಯವರೆಗೂ ಬರಲೊಲ್ಲದು. ಹೆಸರಿನ ಪಟ್ಟಿ ಕಟ್ಟಿದ ಕೈಯನ್ನು ಹೊದಿಕೆಯಿಂದ ಹೊರಗೆ ಚಾಚಿದ. ಅವಳು ಅದನ್ನು ಮೆಲ್ಲಗೆ ಒಳಗೆ ಸೇರಿಸಿ ಹೊದಿಕೆ ಸರಿ ಮಾಡಿದಳು. ಬೇರೆ ದಾರಿ ಕಾಣದೆ ಅವನು ಕೆಮ್ಮಿದ. ಒಂದು ಸಲ, ಎರಡು ಸಲ, ಆಮೇಲೆ ಪಕ್ಕೆಲುಬು ಅದುರುವ ಹಾಗೆ.

ಅವಳು ಚಕ್ಕನೆ ಬಟ್ಟಲು ಕಿತ್ತಿಟ್ಟು, ಮಂಚದ ತಲೆಕಡೆ ಎತ್ತರಿಸಿ, ಬೆನ್ನಿಗೆ ಅಂಗೈ ಕೊಟ್ಟು, ಉಸಿರು ತಹಬಂದಿಗೆ ಬರುವವರೆಗೆ ಹಾಗೇ ನಿಂತಳು. ತೋರಿಸಿದರೂ ಕಲಿಸಲಾಗದಂಥ ಆರೈಕೆ. ಮೇಟ್ರನ್ ತಲೆದೂಗಿದಳು. ಕೆಮ್ಮು ನಿಂತ ಮೇಲೆ ಹುಡುಗಿ ಬಟ್ಟಲನ್ನು ಮತ್ತೆ ಅವನ ಕೈಗೇ ಕೊಟ್ಟಳು.

“ಈಗ ನಿಧಾನಕ್ಕೆ ನುಂಗಿ.”

ಅವನು ನುಂಗಿದ.

“ಸಾಕಮ್ಮ” ಎಂದಳು ಮೇಟ್ರನ್. ಬೆಳಗ್ಗಿನದೇ ದನಿ.

ಬಾಗಿಲು ಮುಚ್ಚಿಕೊಂಡ ಮೇಲೆ ಅವನು ಎದ್ದು ಕೂತ. “ಮೇಡಂ, ಒಂದ್ ಮಾತು.”

“ರೋಗಿ ಮಾತಾಡೋ ಹಾಗಿಲ್ಲ.”

“ರೋಗಿ ಅಲ್ಲ ಮೇಡಂ, ಅವಳ ಸೋದರಮಾವ ಮಾತಾಡ್ತಿರೋದು.”

ಮೂಲೆಯಲ್ಲಿ ಕೂತಿದ್ದ ಪ್ರಿನ್ಸಿಪಾಲರ ಮುಖ ಸುಟ್ಟ ಬದನೆಕಾಯಿಯಾಯಿತು. ಅವನು ಅತ್ತ ನೋಡದೆ ಹೇಳಿದ. “ನಾನೇ ಮುಚ್ಚಿಟ್ಟೆ, ಅವಳದ್ದೇನೂ ಇಲ್ಲ. ಹುಟ್ಟಿದಾಗಿಂದ ನೋಡಿರೋ ಮಾವನ್ನ ಹೆಸರೇನು ಅಂತ ಹೇಗ್ ಕೇಳ್ತಾಳೆ? ಬೇರೆ ಯಾರನ್ನಾದ್ರೂ ಮಲಗಿಸಿ, ಇನ್ನೊಂದ್ಸಲ ಕರೀರಿ. ಆಗ ನೋಡಿ.”

ಮೇಟ್ರನ್ ಪೆನ್ನಿನ ಟೋಪಿ ಹಾಕಿದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

“ನಾಡಿ ಅಷ್ಟು ಬೇಗ ಹೇಗೆ ಸಿಕ್ತು ಅಂತ ಯೋಚಿಸ್ತಿದ್ದೆ. ನೋಡಿ, ಪರಿಚಯ ಇಲ್ಲದವರ ಹೆಸರನ್ನ ಎಲ್ಲರೂ ಕೇಳ್ತಾರೆ. ನಮ್ಮ ವಾರ್ಡಲ್ಲಿ ಕೆಲವರು ತಿಂಗಳುಗಟ್ಟಲೆ ಮಲಗಿರ್ತಾರೆ. ಆಮೇಲೆ ಎಲ್ಲರೂ ಮಾವಂದಿರೇ. ತಪ್ಪು ಮಾತ್ರೆ ಹೋಗೋದು ಆಗಲೇ. ನಂಗೂ ಒಂದ್ಸಲ ಹಾಗೇ ಆಗಿತ್ತು.”

“ಅಂಥ ಕೈ ನಿಮಗೆ ಇನ್ನೆಲ್ಲಿ ಸಿಗುತ್ತೆ ಮೇಡಂ?”

“ಸಿಗಲ್ಲ” ಎಂದಳು ಮೇಟ್ರನ್. “ಮೊದಲಿನ ಹಾಗೆ ವೀಸಾ ಅಗ್ಗ ಇದ್ದಿದ್ರೆ ಕರ್ಕೊಂಡು ಹೋಗಿ ನಾನೇ ತಿದ್ತಿದ್ದೆ. ಈಗ ಅಲ್ಲಿ ತಿದ್ದೋಕೆ ಯಾರೂ ನಂಗೆ ಬಿಡಲ್ಲ. ಇನ್ನೊಂದ್ಸಲ ಅಂತ ಕರೆದ್ರೆ ಬೆಳಗಿನ ಹುಡುಗೀನೂ ಕರೀಬೇಕಾಗುತ್ತೆ. ಅವಳಿಗೆ ನೀವು ಕೆಮ್ಮಲಿಲ್ಲ.”

ಪ್ರಿನ್ಸಿಪಾಲರು ಎದ್ದು ಬಂದು, ನಿಲುವಂಗಿ ಬಿಚ್ಚಿಟ್ಟು ಹೋಗಲು ಹೇಳಿದರು. ನಾಳೆಯಿಂದ ಬರುವುದು ಬೇಡ ಎಂದೂ. ಉಳಿದ ಹುಡುಗಿಯರ ಪರೀಕ್ಷೆಗೆ ವಾಚ್‌ಮನ್ ಮಲಗಿದ.

ತಂಗಿಯ ಮಗಳು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅತ್ತಿದ್ದರೂ ಮುಗಿಸಿ ಮುಖ ತೊಳೆದಾಗಿತ್ತು. ಅವನು ಪಕ್ಕದಲ್ಲಿ ಕೂತು, ಒಳಗೆ ನಡೆದದ್ದನ್ನು ಒಂದೂ ಬಿಡದೆ ಹೇಳಿದ, ತನ್ನ ಕೆಲಸ ಹೋದದ್ದನ್ನೂ ಸೇರಿಸಿ. ಬೆಳಿಗ್ಗೆ ಪ್ರಿನ್ಸಿಪಾಲರು ಕೇಳಿದ್ದನ್ನು ಹೇಳುವಾಗ ಮಾತ್ರ ದನಿ ಸಣ್ಣದಾಯಿತು.

“ವಾಚ್‌ಮನ್ನೇ ಮಲಗಿದ್ರೆ ನೀನು ಕೇಳ್ತಿದ್ದೆ” ಎಂದ.

“ಕೇಳ್ತಿದ್ದೆ.”

ಒಂದು ಬಸ್ಸು ಬಂದು ಹೋಯಿತು. ಅವರದಲ್ಲ.

“ನಾನು ಕೆಮ್ಮಿದ್ದು ಯಾಕೆ ಅಂತ ಗೊತ್ತಾಗ್ಲಿಲ್ವಾ?”

“ನಿಜವಾದ ಕೆಮ್ಮು ಅಂದ್ಕೊಂಡೆ. ಪ್ರಾಣ ಹೋಗೋ ಹಾಗಿತ್ತು. ಆಮೇಲೆ ಹೆಸರು, ಪಟ್ಟಿ, ಎಲ್ಲಾ ಯಾರಿಗ್ ನೆನಪಿರುತ್ತೆ?” ಅವಳು ಅವನ ಕಡೆ ತಿರುಗಿದಳು. “ಅಷ್ಟು ಚೆನ್ನಾಗಿ ಯಾಕ್ ಕೆಮ್ಮಿದೆ ಮಾವ?”

“ಬೇರೆ ಥರ ಕೆಮ್ಮೋಕೇ ಬರಲ್ಲ ಈಗ” ಎಂದ ಅವನು.

ಅವಳಿಗೆ ನಗು ಬಂತೋ ಏನೋ, ಮುಖ ಆಚೆ ಮಾಡಿದಳು. ಅವರ ಬಸ್ಸು ಬಂತು. ಜನ ನೂಕುತ್ತಿದ್ದರು. ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕ ಒಂದು ಸೀಟಿಗೆ ಕೈಚೀಲ ಹಾಕಿ, ಅವನು ಬಂದು ಕೂರುವವರೆಗೆ ಯಾರಿಗೂ ಬಿಟ್ಟುಕೊಡದೆ ನಿಂತಿದ್ದಳು.