ಎತ್ತಲು ಬಿಡದ ತೋಳು

ನಾನು ಏಳಲಾಗದ ರೋಗಿಗಳನ್ನು ಎತ್ತುವ ಯಂತ್ರ. ಕಾರ್ಖಾನೆಯಲ್ಲಿ ನನಗೆ ಉಕ್ಕಿನ ತೋಳು, ಗಾಲಿಗಳು, ಮನುಷ್ಯರನ್ನು ಕೂರಿಸಿ ಎತ್ತಲು ದಪ್ಪ ಬಟ್ಟೆಯ ಜೋಲಿ ಕೊಟ್ಟರು. ಎಂಥ ದಢೂತಿ ಆಸಾಮಿಯಾದರೂ ಸರಿ, ಹಿಡಿಕೆ ಒತ್ತಿದರೆ ಮೆಲ್ಲಗೆ ಎತ್ತಿ ಮಂಚ ಬದಲಿಸುತ್ತೇನೆ. ಹಾಗೆಂದುಕೊಂಡೇ ಆಸ್ಪತ್ರೆಗೆ ಬಂದೆ.

ಬಂದ ದಿನ ಹಾರ ಹಾಕಿ, ಕಾಯಿ ಒಡೆದು, ಫೋಟೊ ತೆಗೆಸಿಕೊಂಡರು. ಆಮೇಲೆ ಸ್ಟೋರ್ ನೋಡಿಕೊಳ್ಳುವ ಕಲ್ಲಪ್ಪ ನನಗೆ ಪ್ಲಾಸ್ಟಿಕ್ ಹೊದಿಸಿ ಕೋಣೆಗೆ ಬೀಗ ಜಡಿದ. ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ನಾನು ಹೊಸದರಂತೆ ಹೊಳೆಯಬೇಕಂತೆ. ಬಳಸಿದರೆ ಸವೆಯುತ್ತೇನಂತೆ!

ಎದುರಿನ ವಾರ್ಡಿನ ಆಯಾ ಫಕೀರವ್ವ ರೋಗಿಗಳನ್ನು ಕೈಯಿಂದಲೇ ಎತ್ತುತ್ತಿದ್ದಳು. ಅವಳ ಏದುಸಿರು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಆಯುಧಪೂಜೆಗೆ ಮಾತ್ರ ಬೀಗ ತೆಗೆಯುತ್ತಿದ್ದರು. ಆಗ ನನ್ನ ಧೂಳು ಒರೆಸಿ, ಕುಂಕುಮ ಹಚ್ಚುತ್ತಿದ್ದವಳು ಅವಳೇ. ಒಂದು ವರ್ಷ ಊದುಬತ್ತಿ ಹಚ್ಚುತ್ತ ಕೇಳಿಯೇಬಿಟ್ಟಳು:

“ಸರ, ನನ್ನ ಟೊಂಕ ಹಿಡದೈತ್ರಿ. ಬಗ್ಗಾಕ ಆಗವಲ್ದು. ಈ ಮಷೀನ್ ವಾರ್ಡಿಗೆ ಕೊಡ್ರಿ.”

“ಹಾಳಾದ್ರ ಯಾರು ಹೊಣಿ, ನೀನಾ?” ಎಂದ ಕಲ್ಲಪ್ಪ. “ಪೂಜಾ ಮುಗೀತಲ್ಲ, ನಡಿ.”

ನನಗೆ ಮೈಯೆಲ್ಲ ಉರಿಯಿತು. ನನ್ನ ಕಬ್ಬಿಣ ಸವೆಯಬಾರದು, ಅವಳ ಬೆನ್ನೆಲುಬು ಸವೆದರೆ ಪರವಾಗಿಲ್ಲ!

ಹಬ್ಬ ಕಳೆದು ಕೆಲವೇ ದಿನ. ಪಾರ್ಶ್ವವಾಯುವಾದ ಅಜ್ಜನೊಬ್ಬನನ್ನು ಎತ್ತಲು ಹೋಗಿ ಫಕೀರವ್ವ ಕಿರುಚಿ ಕುಸಿದಳು. ತಾನಾಗಿ ಏಳಲಾಗಲಿಲ್ಲ. ಅದೇ ವಾರ್ಡಿನಲ್ಲಿ ಅವಳನ್ನೂ ಮಲಗಿಸಿದರು. ಇದು ಕೆಲಸದಲ್ಲಿ ಆದ ಪೆಟ್ಟು, ಗುಣವಾಗುವವರೆಗೆ ರಜೆ ಕೊಟ್ಟು ಅವಳ ಕೆಲಸ ಉಳಿಸಿ ಎಂದು ಉಳಿದ ಆಯಾಗಳು ಗಲಾಟೆ ಎಬ್ಬಿಸಿದರು. ವಿಚಾರಣೆಗೆ ದೊಡ್ಡ ಸಾಹೇಬರೇ ಬಂದರು.

ಅಂದು ಕಲ್ಲಪ್ಪ ಗಡಿಬಿಡಿಯಿಂದ ಬೀಗ ತೆಗೆದು, ಪ್ಲಾಸ್ಟಿಕ್ ಕಿತ್ತು, ನನ್ನನ್ನು ವಾರ್ಡಿಗೆ ತಳ್ಳಿಕೊಂಡು ಹೋದ. ಅಂತೂ ಕೆಲಸ ಸಿಕ್ಕಿತು, ಮೊದಲು ಫಕೀರವ್ವನನ್ನೇ ಎತ್ತುತ್ತೇನೆ ಎಂದು ನಾನು ಹಿಗ್ಗಿದೆ. ಅವನು ನನ್ನನ್ನು ಅವಳ ಮಂಚದ ಪಕ್ಕ ನಿಲ್ಲಿಸಿದ.

“ನೋಡ್ರಿ ಸಾಹೇಬ್ರ, ಇಂಥಾ ಮಷೀನ್ ಐತ್ರಿ. ಇದನ್ನ ಬಿಟ್ಟು ಕೈಲೆ ಎತ್ಯಾಳ. ತಪ್ಪು ಆಕೀದ.”

ಸಾಹೇಬರು ನನ್ನ ಹೊಳೆಯುವ ತೋಳು ಮುಟ್ಟಿ ನೋಡಿ ತಲೆಯಾಡಿಸಿದರು. ಅವಳ ಕೆಲಸ ಅಲ್ಲಿಗೆ ಮುಗಿಯಿತು. ಸುಳ್ಳು, ನನ್ನನ್ನು ಕೂಡಿಹಾಕಿದ್ದರು ಎಂದು ಕೂಗಬೇಕೆನಿಸಿತು. ಬಾಯಿ ಎಲ್ಲಿಂದ ತರಲಿ?

ಫಕೀರವ್ವ ನನ್ನತ್ತ ಕತ್ತು ಹೊರಳಿಸಿದಳು. “ನೀನೂ ಅವ್ರ ಕಡೇನ ನಿಂತಿ ಅಲ್ಲೋ,” ಎಂದಳು.

ವರ್ಷಗಳು ಕಳೆದ ಮೇಲೆ ಹಳೆಯದಾಯಿತೆಂದು ನನ್ನನ್ನು ಹೊರಗೆ ಹಾಕಿದರು. ಈಗ ನಾನು ಆಸ್ಪತ್ರೆಯ ಹಿಂದೆ, ಮುರಿದ ಮಂಚಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ಆಯಾಗಳು ಇಂದಿಗೂ ಕೈಯಿಂದಲೇ ಎತ್ತುತ್ತಾರೆ. ಇಡೀ ಆಯುಷ್ಯದಲ್ಲಿ ನಾನು ಒಬ್ಬರನ್ನೂ ಎತ್ತಲಿಲ್ಲ. ಫಕೀರವ್ವನ ವಿರುದ್ಧ ಸಾಕ್ಷಿ ನಿಂತದ್ದೊಂದೇ ನನ್ನಿಂದ ಮಾಡಿಸಿಕೊಂಡ ಕೆಲಸ.