ಬೇಗಮಳ ಜುಟ್ಟಿಗೆ ಮುಲಾಮು

ರಸೂಲ್ ದಾರ್ ತನ್ನ ಕೋಳಿಗಳನ್ನೆಲ್ಲ ಚಿನಾರ್ ಎಲೆ ಉದುರುವ ಹೊತ್ತಿಗೇ ಮಾರಿಬಿಡುತ್ತಿದ್ದ. ಚಳಿಗಾಲದಲ್ಲಿ ಕೋಳಿ ಸಾಕುವುದು ತಲೆಕೆಟ್ಟವರ ಕೆಲಸ ಎಂದು ಊರಿಗೆಲ್ಲ ಉಪದೇಶ ಬೇರೆ ಮಾಡುತ್ತಿದ್ದ. ಆಮೇಲೆ ಮೊದಲ ಹಿಮ ಬಿದ್ದ ದಿನ ತಮ್ಮನ ಮನೆಗೆ ಬಂದು, ಅದೇ ತಲೆಕೆಟ್ಟವರು ಸಾಕಿದ ಕೋಳಿಯನ್ನು ಚಪ್ಪರಿಸಿ ತಿಂದು ಹೋಗುತ್ತಿದ್ದ. ಸೇಬಿನ ತೋಟ ಎರಡಿದ್ದವು, ನಾಚಿಕೆ ಒಂದೂ ಇರಲಿಲ್ಲ.

ತಮ್ಮನ ಹೆಂಡತಿ ಮುಖ್ತಾಳಿಗೆ ಈ ಭಾವನನ್ನು ಕಂಡರೆ ಮೈ ಉರಿಯುತ್ತಿತ್ತು. ಗಂಡ ಗನಿಯನ್ನು ಕಂಡರೆ ಇನ್ನೂ ಹೆಚ್ಚು. ಮೊದಲ ಹಿಮವನ್ನು ಯಾವುದರಲ್ಲಾದರೂ ಮುಚ್ಚಿ ಕೈಗೆ ಕೊಟ್ಟಾಗ ತಿಳಿಯದೆ ಇಸಕೊಂಡವರು ಕೊಟ್ಟವರಿಗೆ ಔತಣ ಹಾಕಬೇಕು, ಅದು ಕಣಿವೆಯ ರೂಢಿ. ಕೊಟ್ಟವನು ಕೋಡಂಗಿ ಇಸಕೊಂಡವನು ಈರಭದ್ರ ಎನ್ನುವ ಗಾದೆ ಆ ಒಂದು ದಿನ ತಲೆಕೆಳಗು. ಗನಿ ಎಂಬ ಬೆಪ್ಪುತಕ್ಕಡಿ ವರ್ಷವರ್ಷವೂ ಅಣ್ಣನ ಕೈಯಿಂದ ಏನಾದರೊಂದು ಇಸಕೊಳ್ಳುತ್ತಿದ್ದ. ಹೀಗೆ ಅವಳ ಚುಕ್ಕೆಕೋಳಿ ಹೋಯಿತು, ಬಿಳಿಕೋಳಿ ಹೋಯಿತು. ಉಳಿದದ್ದು ಬೇಗಮ್ ಒಬ್ಬಳೇ.

ಬೇಗಮ್ ಮುದಿಕೋಳಿ, ಕುಂಟಿ, ಮೇಲಾಗಿ ಜಂಭಗಾತಿ. ಅವಳ ಗೂಡು ಅಡುಗೆಮನೆಗೆ ತಾಗಿದ ಮೆಟ್ಟಿಲ ಕೆಳಗೆ. ಮುಖ್ತಾ ಬೆಳಗಾದರೆ ನೀರಿನ ಬಟ್ಟಲಿನ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆದು ಬಿಸಿನೀರು ಹಾಕುತ್ತಿದ್ದಳು, ತೌಡು ಬೇಯಿಸಿ ಕೊಡುತ್ತಿದ್ದಳು, ಒದ್ದೆಯಾದ ಹುಲ್ಲು ತೆಗೆದು ಒಣಹುಲ್ಲು ಹಾಸುತ್ತಿದ್ದಳು. ಈ ಸಲದ ಒಣಚಳಿಗೆ ಬೇಗಮಳ ಜುಟ್ಟಿನ ತುದಿ ಕಪ್ಪಾಗಿತ್ತು. ಸಾಸಿವೆ ಎಣ್ಣೆ ಹಚ್ಚಿದರೂ ಕಪ್ಪು ಹರಡುತ್ತಲೇ ಇತ್ತು. ಮುಖ್ತಾಳಿಗೆ ನಿಜವಾಗಿ ಭಯವಾಗಿತ್ತು. ಮನುಷ್ಯರಿಗಾಗಿ ಅವಳು ಅಷ್ಟು ಭಯಪಟ್ಟವಳಲ್ಲ.

ಹಿಮ ಬಿದ್ದ ಬೆಳಿಗ್ಗೆ ಗನಿಗೆ ಎಚ್ಚರಿಕೆ ಕೊಟ್ಟಳು. "ಇವತ್ತು ಯಾರು ಏನು ಕೊಟ್ಟರೂ ಮುಟ್ಟಬೇಡಿ. ಕೈ ಎರಡೂ ಫೇರನ್ ನಿಲುವಂಗಿ ಒಳಗೇ ಇರಲಿ."

"ಉಪ್ಪು ಚಹಾ ಹೇಗೆ ಕುಡೀಲಿ ಹಾಗಾದ್ರೆ?"

"ನಾನೇ ಕುಡಿಸ್ತೀನಿ. ಬೇಗಮಳಿಗಿಂತ ನಿಮ್ಮನ್ನ ಸಾಕೋದು ಕಷ್ಟ."

ಮಧ್ಯಾಹ್ನಕ್ಕೆ ರಸೂಲ್ ಬಂದ. ತಮ್ಮನ ಕಡೆ ತಿರುಗಿಯೂ ನೋಡದೆ ನೇರವಾಗಿ ಅಡುಗೆಮನೆಗೆ ಬಂದು ಜೇಬಿನಿಂದ ಚಿಕ್ಕ ತಗಡಿನ ಡಬ್ಬಿ ತೆಗೆದ.

"ನಿನ್ನ ಕೋಳಿ ಜುಟ್ಟು ಕಪ್ಪಾಗಿದೆ ಅಂದ ಗನಿ. ದನದ ಡಾಕ್ಟರ ಹತ್ರ ಮುಲಾಮು ಇಸಕೊಂಡು ಬಂದೆ. ಬೇಗ ಹಚ್ಚಮ್ಮ, ಪಾಪ."

ಮುಖ್ತಾ ಡಬ್ಬಿ ಕಿತ್ತುಕೊಂಡಳು. ಮುಚ್ಚಳ ತೆಗೆದರೆ ಒಳಗೆ ಬೆಳ್ಳನೆಯ ಹಿಮ.

"ಹೊಸ ಹಿಮದ ಮುಬಾರಕ್," ಎಂದು ರಸೂಲ್ ಚಾಪೆಯ ಮೇಲೆ ಕಾಲು ಚಾಚಿದ. "ಕೋಳಿ ಕೆಂಪಗೆ ಮಾಡು. ಈರುಳ್ಳಿ ಜಾಸ್ತಿ ಇರಲಿ."

ಅವಳಿಗೆ ಮೊದಲು ಹೇಸಿಗೆಯಾದದ್ದು ತನ್ನ ಮೇಲೇ. ಊರಿಗೆಲ್ಲ ಬುದ್ಧಿ ಹೇಳಿ ತಾನು ಬಾವಿಗೆ ಬಿದ್ದಿದ್ದಳು.

"ಒಣಗಿಸಿದ ಬದನೆ ಇದೆ, ಟರ್ನಿಪ್ ಇದೆ, ಸೋರೆ ಇದೆ. ಎಲ್ಲಾ ಮಾಡಿ ಹಾಕ್ತೀನಿ, ಭಾವ."

"ಹುಲ್ಲು ತಿನ್ನೋದಾದ್ರೆ ನಮ್ಮನೆ ಹಸು ಜೊತೆ ಕೂತು ತಿಂತಿದ್ದೆ."

ಗನಿ ಆಗಲೇ ಚಾಕು ಮಸೆಯತೊಡಗಿದ್ದ. ರೂಢಿ ಮುರಿದರೆ ಏನಾಗುತ್ತದೆಂದು ಮುಖ್ತಾಳಿಗೆ ಗೊತ್ತಿಲ್ಲದೆ ಇರಲಿಲ್ಲ. ನೆರೆಯ ಜಬ್ಬಾರ್ ಒಂದು ವರ್ಷ ಔತಣದ ಬದಲು ಬರೀ ಚಹಾ ಕೊಟ್ಟಿದ್ದಕ್ಕೆ 'ಚಹಾ ಜಬ್ಬಾರ್' ಎಂದು ಹೆಸರಿಟ್ಟವಳು ಅವಳೇ. ಈಗ ಅವನ ಮೊಮ್ಮಕ್ಕಳಿಗೂ ಅದೇ ಹೆಸರು. ನಲ್ಲಿಯ ಹತ್ತಿರ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಇನ್ನು ಊರ ಬಾಯಿಗೆ ಸಿಗುವುದು ತಾನೇ. ಮಾನ ಎಂದರೆ ಅವಳಿಗೂ ಪ್ರಾಣವೇ. ಆದರೆ ಗೂಡಿನೊಳಗೆ ಇದ್ದದ್ದು ಬೇರೆಯವರ ಪ್ರಾಣ.

ಅವಳು ಹೋಗಿ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

"ಸೋತಿದ್ದು ನಿಜ. ಕೊಡಲ್ಲ."

"ಕೊಡಲ್ಲ ಅಂದ್ರೆ?" ರಸೂಲನ ಚಾಚಿದ ಕಾಲು ಮಡಚಿಕೊಂಡಿತು. "ನಮ್ಮ ವಂಶದಲ್ಲಿ ಇಂಥ ಮಾತು ಯಾರೂ ಆಡಿಲ್ಲ."

"ನಿಮ್ಮ ವಂಶದವರ ಬಾಯಿ ಯಾವತ್ತು ಖಾಲಿ ಇತ್ತು ಭಾವ, ಮಾತಾಡೋಕೆ?"

"ಊರಲ್ಲಿ ಹೇಳ್ತೀನಿ."

"ಹೇಳಿ. ಹಿಮ ಜಾರತ್ತೆ, ಹುಷಾರಾಗಿ ಹೋಗಿ."

ಬಾಗಿಲು ದಡಾರನೆ ಹಾಕಿಕೊಂಡು ರಸೂಲ್ ಹೋದ. ಆಗಲೇ ಬೀದಿಯಲ್ಲಿ ಅವನ ದನಿ ಎದ್ದಿತ್ತು. ಪಕ್ಕದ ಮನೆಯ ಕಿಟಕಿ ತೆರೆಯಿತು, ಅದರಾಚೆಯದೂ ತೆರೆಯಿತು.

ಗನಿ ಚಾಕು ಹಿಡಿದೇ ನಿಂತಿದ್ದ. ಮುಖ ಕೆಂಪಾಗಿತ್ತು.

"ನನ್ನ ಮಾನ ಕಳೆದೆ, ಮುಖ್ತಾ. ಒಂದು ಕುಂಟು ಕೋಳಿಗೋಸ್ಕರ. ಬೇಸಿಗೆಯಿಂದ ಅದು ಒಂದು ಮೊಟ್ಟೆಯಾದ್ರೂ ಇಟ್ಟಿದೆಯಾ?"

ಮುಖ್ತಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ಇಟ್ಟಿದ್ದೀರಾ?"