ಸಿಂಹದ ಹಿಂಗಾಲು

ಟೆಂಗಾನ್ ಚರ್ಚಿನ ಅಂಗಳದಲ್ಲಿ ನಿಂತು, ಮಣ್ಣಿಗೆ ಬಂದವರ ಮಂಡಿಗಳನ್ನು ನೋಡುತ್ತಿದ್ದ. ಒಬ್ಬೊಬ್ಬರ ಮುಖ ನೋಡಿ ಕೈ ಹಿಡಿದು ಎರಡು ಮಾತಾಡುತ್ತಿದ್ದನಾದರೂ, ಕೈ ಬಿಟ್ಟ ಕೂಡಲೇ ಅವನ ಕಣ್ಣು ಕೆಳಗಿಳಿಯುತ್ತಿತ್ತು. ಸೊಂಟ ಎಷ್ಟು ಎತ್ತರಕ್ಕಿದೆ, ಮಂಡಿ ಬಗ್ಗೀತೇ, ಕಾಲು ಗಂಟೆ ಬೆನ್ನು ಬಾಗಿಸಿ ನಡೆಯುವ ಶಕ್ತಿ ಇದ್ದೀತೇ. ರೂಡಿ ಬಂದ. ಅವನ ಮಂಡಿ ಗಟ್ಟಿ, ಆದರೆ ಬೆಳಗಿನ ಒಂಬತ್ತಕ್ಕೇ ಬಾಯಿ ಬಿಯರಿನ ವಾಸನೆ ಹೊಡೆಯುತ್ತಿತ್ತು. ಸಕ್ಕರೆ ಕಾರ್ಖಾನೆಯ ಹಳೆಯ ಮೇಸ್ತ್ರಿಯ ಮಗ ಬಂದ. ತೆಂಗಿನ ಮರದಂಥ ಆಳು. ಇಬ್ಬರು ಒಳಹೊಕ್ಕು ನಡೆಸುವ ಸಿಂಹವೇಷದಲ್ಲಿ ಅವನನ್ನು ಹಿಂದೆ ಹಾಕಿದರೆ ಬಾಲ ತಲೆಗಿಂತ ಮೇಲೆ ಹೋದೀತು.

ಲಿನೋ ಮೆಡೈರೋಸ್ ಮಂಗಳವಾರ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಅರವತ್ತಮೂರು ವರ್ಷ. ಮರುದಿನ ಅವನ ಹೆಂಡತಿ ಕಾರಿದಾದ್ ಫೋನು ಮಾಡಿ, ಅಳದೆ, ಒಂದೇ ಮಾತು ಕೇಳಿದ್ದಳು. ಶನಿವಾರ ಸ್ಮಶಾನದ ಗೇಟಿನಿಂದ ಗುಂಡಿಯವರೆಗೆ ಪೆಟ್ಟಿಗೆಯ ಮುಂದೆ ಸಿಂಹ ನಡೆಯಬೇಕು. ಟೆಂಗಾನ್ ಹೂಂ ಅಂದುಬಿಟ್ಟಿದ್ದ. ಫೋನು ಇಟ್ಟ ಮೇಲೆ ಹೊಳೆಯಿತು, ಸಿಂಹದ ಹಿಂಗಾಲೇ ಪೆಟ್ಟಿಗೆಯೊಳಗೆ ಮಲಗಿದೆಯಲ್ಲ ಎಂದು.

ಜಪಾನಿನ ಓಕಿನಾವಾದಿಂದ ಹವಾಯಿಗೆ ಬಂದು ನೆಲೆಸಿದವರ ಸಂಘದ ಅಧ್ಯಕ್ಷ ಗುಶಿಕೆನ್‌ಗೆ ಇದು ಸರಿಬಂದಿರಲಿಲ್ಲ. ಸಿಂಹ ಬರುವುದು ಹಬ್ಬಕ್ಕೆ, ಹೊಸ ಮನೆಗೆ, ಎಂಬತ್ತು ತುಂಬಿದವರ ಹುಟ್ಟುಹಬ್ಬಕ್ಕೆ. ಹೆಣದ ಮುಂದೆ ಅದನ್ನು ಯಾವತ್ತು ಯಾರು ಕುಣಿಸಿದ್ದಾರೆ ಎಂದು ಕೇಳಿದ್ದರು. ಕುಣಿಸುವುದಿಲ್ಲ, ನಡೆಸುತ್ತೇನೆ ಎಂದು ಟೆಂಗಾನ್ ಹೇಳಿದ್ದ. ಗುಶಿಕೆನ್ ಗೊಣಗುತ್ತಲೇ ಡೋಲು ಹೊತ್ತುಕೊಂಡು ಬಂದಿದ್ದರು. ಈಗ ಮರದ ನೆರಳಿನಲ್ಲಿ ಕೂತು ಅದರ ಹಗ್ಗ ಬಿಗಿಯುತ್ತಿದ್ದರು.

“ಅಂಕಲ್, ನಾನು ಹಿಂದೆ ಹೋಗ್ತೀನಿ,” ಅಂದಳು ನೊಹೆಯಾ. ಲಿನೋನ ಮಗಳು. ಆಸ್ಪತ್ರೆಯಲ್ಲಿ ನರ್ಸು, ಸಂಜೆ ಹೊತ್ತು ಹವಾಯಿಯ ಹೂಲಾ ನೃತ್ಯದ ತಂಡದಲ್ಲಿ ಕುಣಿಯುವವಳು. ಟೆಂಗಾನ್ ಅವಳ ಮಂಡಿಯನ್ನೂ ನೋಡಿದ.

“ಬೆನ್ನು ಮುರಿದುಹೋಗುತ್ತೆ ಕಣೇ. ನಿಮ್ಮ ಹೂಲಾ ಥರ ಅಲ್ಲ ಅದು.”

“ನಮ್ಮ ಹೂಲಾ ಮಾಡಿ ನೋಡಿ ಒಂದಿನ, ಆಮೇಲೆ ಬೆನ್ನಿನ ವಿಷಯ ಮಾತಾಡಿ,” ಎಂದು ಅವಳು ಒಳಗೆ ಹೋದಳು.

ಪೂಜೆ ಶುರುವಾಯಿತು. ಪೆಟ್ಟಿಗೆಯ ಮೇಲೆ ಎಲೆಯ ಹಾರ ಉದ್ದಕ್ಕೆ ಇಳಿಬಿಟ್ಟಿದ್ದರು. ಲಿನೋನ ತಾಯಿಯ ಕಡೆಯ ಹವಾಯಿ ಹೆಂಗಸರು ಎದ್ದು ನಿಂತು ಹಾಡಿದರು. ತಂದೆಯ ಕಡೆಯ ಪೋರ್ಚುಗೀಸ್ ಮುದುಕರು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಟೆಂಗಾನ್ ಕೊನೆಯ ಬೆಂಚಿನಲ್ಲಿ ಕೂತು, ವರ್ಷಗಳಿಂದ ತಲೆಯಲ್ಲಿದ್ದ ಒಂದು ಪ್ರಶ್ನೆಯನ್ನು ಮತ್ತೆ ತಿರುವಿ ಹಾಕುತ್ತಿದ್ದ. ಮೂರು ಸಲ ಅವನು ಲಿನೋಗೆ ಸಿಂಹದ ತಲೆ ಕೊಡಲು ಹೋಗಿದ್ದ. ಮೂರು ಸಲವೂ ಲಿನೋ ಬೇಡ ಅಂದಿದ್ದ. ತಲೆ ಹೊತ್ತವನನ್ನು ಊರು ಗುರುತಿಸುತ್ತದೆ, ಮಕ್ಕಳು ಹಿಂದೆ ಬೀಳುತ್ತವೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಹಿಂಗಾಲಿಗೆ ಏನು ಸಿಗುತ್ತದೆ? ಕತ್ತಲೆ, ಸೆಕೆ, ಮುಂದಿನವನ ಬೆವರು. ಅದರಲ್ಲೇ ಏಕೆ ಇದ್ದ ಅವನು?

* * *

ಲಿನೋ ಸಿಂಹದೊಳಗೆ ಬಂದದ್ದು ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ. ಹಿಂಗಾಲಾಗಿದ್ದ ಟೆಂಗಾನನ ತಮ್ಮನನ್ನು ಸೈನ್ಯ ಕರೆಸಿಕೊಂಡಿತ್ತು. ಸಂಘದ ವರ್ಷದ ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಕಬ್ಬಿನ ಗದ್ದೆಗೆ ನೀರಿನ ಲಾರಿ ಓಡಿಸುತ್ತಿದ್ದ ಲಿನೋ ಯೂನಿಯನ್ ಹಾಲ್‌ನಲ್ಲಿ ಕುರ್ಚಿ ಜೋಡಿಸಲು ಬಂದವನು, ತಾಲೀಮು ನೋಡುತ್ತ ನಿಂತ. ಒಂದು ದಿನ ನಿಂತ, ಎರಡು ದಿನ ನಿಂತ. ಮೂರನೆಯ ದಿನ, ಹಿಂದೆ ಹಾಕಿದ್ದವನು ಹೆಜ್ಜೆ ತಪ್ಪಿದಾಗಲೆಲ್ಲ ಇವನ ಕಾಲು ನಿಂತಲ್ಲೇ ಸರಿಯಾದ ಹೆಜ್ಜೆ ಹಾಕುವುದನ್ನು ಟೆಂಗಾನನ ತಾಯಿ ಕಂಡಳು.

ಸಂಘದ ಹಿರಿಯರು ಮುಖ ಗಂಟಿಕ್ಕಿದರು. ನಮ್ಮ ಸಿಂಹದೊಳಗೆ ಪೋರ್ಚುಗೀಸನೇ ಎಂದರು. ಅವನ ತಾಯಿ ಹವಾಯಿಯವಳು ಎಂದು ಯಾರೋ ಹೇಳಿದರೆ, ಹಾಗಾದರೆ ಇನ್ನೂ ಸರಿ, ಎರಡೂ ಅಲ್ಲ ಅಂದರು. ಕಬ್ಬು ಕಡಿದು ಬೆರಳು ಸೊಟ್ಟಗಾಗಿದ್ದ ಆ ಮುದುಕಿ ಲಿನೋನನ್ನು ಕರೆದು, ಪ್ಯಾಂಟು ಮಂಡಿಯವರೆಗೆ ಮಡಚಲು ಹೇಳಿದಳು. ಕುದುರೆ ವ್ಯಾಪಾರದವಳ ಹಾಗೆ ಮೀನಖಂಡ ಒತ್ತಿ ನೋಡಿದಳು.

“ಕಾಲು ಚೆನ್ನಾಗಿವೆ. ಮೇಲೆ ಕೂದಲು ಹೊದಿಸ್ತೀವಲ್ಲ, ಮಿಕ್ಕಿದ್ದು ಯಾರಿಗೆ ಕಾಣುತ್ತೆ?” ಅಂದಳು.

ಅಲ್ಲಿಂದ ಮೂವತ್ನಾಲ್ಕು ವರ್ಷ ಲಿನೋ ಟೆಂಗಾನನ ಸೊಂಟಪಟ್ಟಿ ಹಿಡಿದು ನಡೆದ.

* * *

ಜಗಳವಾದದ್ದು ಒಂದೇ ಸಲ. ಚಂಡಮಾರುತ ಊರಿನ ಅರ್ಧ ಛಾವಣಿಗಳನ್ನು ಹೊತ್ತುಕೊಂಡು ಹೋದ ಮರುವರ್ಷದ ಹಬ್ಬ. ಯೂನಿಯನ್ ಹಾಲ್ ಇನ್ನೂ ರಿಪೇರಿಯಾಗದೆ, ಹಲಗೆ ಜೋಡಿಸಿ ಮೈದಾನದಲ್ಲೇ ವೇದಿಕೆ ಮಾಡಿದ್ದರು. ಸಿಂಹ ತಿರುಗುವಾಗ ಲಿನೋನ ಕಾಲು ಅಂಚಿನಿಂದ ಆಚೆ ಹೋಯಿತು. ಇಬ್ಬರೂ ಉರುಳಿದರು. ಟೆಂಗಾನನ ತಾತನ ಕಾಲದ ಮರದ ತಲೆಯ ಒಂದು ಕಿವಿ ಮುರಿಯಿತು. ಜನರೆಲ್ಲ ನೋಡುತ್ತಿರುವಾಗಲೇ ಟೆಂಗಾನ್ ಕೂಗಾಡಿದ್ದ.

“ಕಣ್ಣು ಎಲ್ಲಿ ಇಟ್ಕೊಂಡಿದ್ದೆಯೋ?”

ಎರಡು ವಾರ ಮಾತು ಬಿಟ್ಟಿದ್ದ. ಲಿನೋ ತಾನೇ ಒಂದು ಮಧ್ಯಾಹ್ನ ಮನೆಗೆ ಬಂದ. ಅಂಟು ಹಾಕಿ ಸರಿಮಾಡಿದ ಕಿವಿಯನ್ನು ಬೆರಳಿಂದ ತಡವಿ ನೋಡಿ, ಚೆನ್ನಾಗಿ ಕೂಡಿಸಿದ್ದೀಯ ಎಂದು ಹೊಗಳಿದ. ಆಮೇಲೆ ಸಲೀಸಾಗಿ ಹೇಳಿದ್ದ, “ಹಿಂದೆ ಕತ್ತಲೆ ಮಾರಾಯ. ಮುಂದೆ ಏನು ಕಾಣುತ್ತೋ ಹೇಳ್ತಾ ಹೋಗು. ನಂಗೂ ಹೊತ್ತು ಹೋಗುತ್ತೆ.”

ಮೊದಮೊದಲು ಟೆಂಗಾನ್ ಹೇಳುತ್ತಿದ್ದದ್ದು ಮೆಟ್ಟಿಲು, ಕಲ್ಲು, ತಿರುವು. ಬರಬರುತ್ತ ಬಾಯಿಗೆ ರುಚಿ ಹತ್ತಿತು. ಸಿಂಹದ ಬಾಯಿಯ ಸಂದಿಯಿಂದ ಕಂಡದ್ದನ್ನೆಲ್ಲ ಹೇಳತೊಡಗಿದ. ಬೇಕರಿ ಹೆಂಗಸು ಮತ್ತೆ ದಪ್ಪಗಾಗಿದ್ದಾಳೆ, ಪಾದ್ರಿ ತೂಕಡಿಸುತ್ತಿದ್ದಾರೆ, ರೂಡಿ ಹೊಸ ಹುಡುಗಿಯ ಜೊತೆ ಬಂದಿದ್ದಾನೆ. ಹಿಂದಿನಿಂದ ಲಿನೋ ನಕ್ಕರೆ ಸಿಂಹದ ಹೊಟ್ಟೆ ಕುಲುಕುತ್ತಿತ್ತು. ಜನ ಅದನ್ನೂ ಕುಣಿತದ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟುತ್ತಿದ್ದರು.

* * *

ಪೂಜೆ ಮುಗಿದು, ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವುದರೊಳಗೆ ಕಾರಿದಾದ್ ಟೆಂಗಾನನನ್ನು ಚರ್ಚಿನ ಹಿಂದಿನ ಅಡುಗೆಕೋಣೆಗೆ ಕರೆದಳು. ಅಲ್ಲಿ ಊಟದ ತಟ್ಟೆಗಳನ್ನು ಮುಚ್ಚಿಟ್ಟಿದ್ದರು, ಅಕ್ಕಿ ಶಾವಿಗೆ, ಬಾಳೆಲೆಯ ಕಡುಬು, ಸಿಹಿ ರೊಟ್ಟಿ. ಅವಳು ಒಂದು ಚೀಲದಿಂದ ಹಿಂಗಾಲಿನ ಚಲ್ಲಣ ತೆಗೆದಳು. ಒಗೆದು, ನಾರಿನ ಕೂದಲನ್ನೆಲ್ಲ ಬಾಚಿದ್ದಳು. ಫಿಲಿಪೀನ್ಸಿನ ಹಳ್ಳಿಯಿಂದ ಬಂದ ಅವಳು ಟೆಂಗಾನನನ್ನು ಮೊದಲಿನಿಂದಲೂ ಮಾನೊಂಗ್, ಅಣ್ಣ, ಎಂದೇ ಕರೆಯುತ್ತಿದ್ದಳು.

“ಯಾರು ಸಿಕ್ಕಿದ್ರು, ಮಾನೊಂಗ್?”

“ಯಾರೂ ಇಲ್ಲ. ನಿನ್ನ ಮಗಳೇ ಹೋಗ್ತೀನಿ ಅಂತಿದಾಳೆ. ಹೋಗ್ಲಿ ಬಿಡು, ಅದರಲ್ಲೇನು? ನನ್ನ ಹಿಮ್ಮಡಿ ನೋಡ್ಕೊಂಡು ಹೆಜ್ಜೆ ಹಾಕಿದ್ರಾಯ್ತು. ಲಿನೋ ಇಷ್ಟು ವರ್ಷ ಮಾಡಿದ್ದೂ ಅದೇ ತಾನೆ?”

ಕಾರಿದಾದ್ ಚಲ್ಲಣ ಮಡಚುತ್ತಿದ್ದವಳು ನಿಲ್ಲಿಸಿದಳು.

“ಹಿಮ್ಮಡಿ ಅವನಿಗೆ ಎಲ್ಲಿ ಕಾಣ್ತಿತ್ತು?”

ಅವಳು ಹೇಳುತ್ತ ಹೋದಳು. ಲಿನೋನ ಕಣ್ಣಿನೊಳಗೆ ಒತ್ತಡ ಹೆಚ್ಚಿ, ಮೊದಲು ಅಕ್ಕಪಕ್ಕದ ನೋಟ ಹೋಗಿತ್ತು. ಚಂಡಮಾರುತದ ಹೊತ್ತಿಗೆ ಬಾಟಲಿಯ ಬಾಯಿಯಿಂದ ನೋಡಿದಷ್ಟು ಉಳಿದಿತ್ತು. ಈಚೆಗೆ ನಾಲ್ಕು ವರ್ಷ ಹಗಲೋ ರಾತ್ರಿಯೋ ಎನ್ನುವಷ್ಟೇ. ಹುಟ್ಟಿದ ಊರು, ಕಾಲಿಗೆ ಗೊತ್ತಿದ್ದ ದಾರಿ, ಹಾಗಾಗಿ ನಡೆದುಹೋಯಿತು. ಮನೆಯವರನ್ನು ಬಿಟ್ಟು ಯಾರಿಗೂ ಹೇಳಬಾರದೆಂದು ಮಗಳ ತಲೆ ಮುಟ್ಟಿಸಿ ಮಾತು ತೆಗೆದುಕೊಂಡಿದ್ದ.

ಟೆಂಗಾನ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಕಾರ್ಖಾನೆ ಮುಚ್ಚಿದ ಮೇಲೆ ಲಿನೋ ಗಾಡಿ ಓಡಿಸುವುದು ಬಿಟ್ಟಿದ್ದ, ಹೆಂಡತಿಯೇ ತನಗಿಂತ ಚೆನ್ನಾಗಿ ಓಡಿಸುತ್ತಾಳೆ ಅಂದಿದ್ದ. ಇಸ್ಪೀಟು ಬೇಜಾರು ಅಂದಿದ್ದ. ರಸ್ತೆಯಲ್ಲಿ ನಡೆಯುವಾಗ ಯಾವಾಗಲೂ ಟೆಂಗಾನನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಪೋರ್ಚುಗೀಸರಿಗೆ ಸಲಿಗೆ ಜಾಸ್ತಿ ಎಂದು ಇವನು ನಗುತ್ತಿದ್ದ.

“ನಂಗಾದ್ರೂ ಹೇಳಬೋದಿತ್ತು. ಹೇಳಿದ್ರೆ ನಾನೇನು ಅವನನ್ನ ಬಿಟ್ಟುಬಿಡ್ತಿದ್ನಾ?”

“ಬಿಡಲ್ಲ ಅಂತ ಗೊತ್ತಿತ್ತು ಅವನಿಗೆ. ಗೊತ್ತಾದ್ರೆ ಟೆಂಗಾನ್ ನನ್ನನ್ನ ಮೊಟ್ಟೆ ಹಿಡಿದ ಹಾಗೆ ಹಿಡ್ಕೊಂಡು ನಡೀತಾನೆ ಅಂತಿದ್ದ. ಕಲ್ಲು, ಮೆಟ್ಟಿಲು, ಅಷ್ಟೇ ಹೇಳ್ತಾನೆ, ಬೇಕರಿಯವಳ ಸುದ್ದಿ ಹೇಳಲ್ಲ ಅಂತಿದ್ದ.” ಅವಳ ಬಾಯಿಯ ಅಂಚಿನಲ್ಲಿ ಸಣ್ಣ ನಗು ಬಂದು ಹೋಯಿತು. “ಹಬ್ಬದ ದಿನ ಮನೆಗೆ ಬಂದವನು ಯಾರು ಯಾವ ಅಂಗಿ ಹಾಕಿದ್ರು, ಬ್ಯಾಂಕಿನ ಮುಂದಿನ ಮರ ಕಡಿದ್ರು, ಎಲ್ಲ ನಂಗೆ ಹೇಳ್ತಿದ್ದ. ನಾನೂ ಅಲ್ಲೇ ಇದ್ದೆ, ನಂಗೇ ಕಂಡಿರ್ತಿರಲಿಲ್ಲ ಅವು.”

ಟೆಂಗಾನ್ ಹೋದ ಆಗಸ್ಟಿನ ಹಬ್ಬ ನೆನೆಯುತ್ತಿದ್ದ. ಅವತ್ತು ಲಿನೋ ತಡವಾಗಿ ಬಂದಿದ್ದ, ಇವನಿಗೆ ಸಿಟ್ಟು ಬಂದಿತ್ತು. ಸಿಂಹದೊಳಗೆ ಹೊಕ್ಕ ಮೇಲೆ ಮೆರವಣಿಗೆ ಮುಗಿಯುವವರೆಗೆ ತಾನು ಮುಂದೆ ಕಂಡದ್ದರ ಒಂದು ಮಾತೂ ಹೇಳಿರಲಿಲ್ಲ. ಮಾರ್ಕೆಟ್ಟಿನ ರಸ್ತೆ, ಕಾಲುವೆಯ ಸೇತುವೆ, ಯೂನಿಯನ್ ಹಾಲ್‌ನ ಏಳು ಮೆಟ್ಟಿಲು.

“ಆಗಸ್ಟಲ್ಲಿ,” ಅಂದ.

ಕಾರಿದಾದ್‌ಗೆ ಅರ್ಥವಾಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಎರಡೂ ಕಣಕಾಲಿನ ಚರ್ಮ ಎದ್ದಿತ್ತು. ಬಿಸಿನೀರಲ್ಲಿ ತೊಳೆದೆ. ಏನಾಯ್ತು ಅಂದ್ರೆ, ಟೆಂಗಾನ್‌ಗೆ ಇವತ್ತು ಮನಸ್ಸು ಸರಿ ಇರ್ಲಿಲ್ಲ ಅಂದ. ಅಷ್ಟೇ.”

ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು. ಟೆಂಗಾನ್ ಕೈ ಚಾಚಿ ಚಲ್ಲಣ ತೆಗೆದುಕೊಂಡ.

* * *

ಸ್ಮಶಾನ ಗುಡ್ಡದ ಮೇಲೆ. ಕೆಳಗೆ ಪಾಳು ಬಿದ್ದ ಕಬ್ಬಿನ ಗದ್ದೆ, ಅದರಾಚೆ ಸಮುದ್ರ. ಗೇಟಿನ ಬಳಿ ಜನ ಸೇರಿದ್ದರು. ಟೆಂಗಾನ್ ಪಿಕಪ್ಪಿನ ಹಿಂದೆ ನಿಂತು ಹಿಂಗಾಲಿನ ಚಲ್ಲಣ ತಾನೇ ತೊಟ್ಟುಕೊಂಡ. ಅದು ಅವನಿಗೆ ಅಗಲವಾಗಿತ್ತು. ನೊಹೆಯಾ ಬಂದು ಅವನು ತೊಟ್ಟದ್ದನ್ನು ನೋಡಿದಳು.

“ತಲೆ ನೀನು ತಗೋ,” ಅಂದ. “ಚಿಕ್ಕವಳಿದ್ದಾಗ ಕದ್ದು ಹೊತ್ತುಕೊಂಡು ಓಡಾಡ್ತಿದ್ದೆಯಲ್ಲ. ಅದೇ ತಲೆ.”

“ಅಮ್ಮ ಹೇಳಿದ್ಲಾ?”

ಅವನು ಹೌದೆಂದು ತಲೆಯಾಡಿಸಿದ. ಅವಳು ಚಪ್ಪಲಿ ಕಳಚಿ, ಕೂದಲು ಗಂಟು ಹಾಕಿ, ತಲೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಗುಶಿಕೆನ್ ಹತ್ತಿರ ಬಂದು, ಅರವತ್ತಾರು ವರ್ಷದ ಮುದುಕ ಹಿಂದೆ, ಹೆಣ್ಣುಮಗಳು ಮುಂದೆ, ಇದೆಂಥ ಸಿಂಹ ಎಂದು ಶುರುಮಾಡಿದವರು, ಟೆಂಗಾನನ ಮುಖ ನೋಡಿ ಡೋಲಿನ ಕಡೆ ಹೊರಟುಹೋದರು.

ಟೆಂಗಾನ್ ಬಗ್ಗಿ ಒಳಗೆ ಹೊಕ್ಕ. ಮೂವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಿಂದೆ ನಿಂತಿರಲಿಲ್ಲ. ಬಟ್ಟೆ ಮುಚ್ಚಿದ ಕೂಡಲೇ ಬೇರೆ ಊರಿಗೆ ಬಂದಂತಾಯಿತು. ಕರ್ಪೂರದ, ಹಳೆಯ ಬೆವರಿನ ವಾಸನೆ, ಲಿನೋನ ತಲೆಗೆಣ್ಣೆಯ ವಾಸನೆ. ಹುಡುಗಿಯ ಸೊಂಟಪಟ್ಟಿ ಹಿಡಿದ. ಕೆಳಗೆ ನೋಡಿದರೆ ಅವಳ ಹಿಮ್ಮಡಿ, ಒಂದಿಷ್ಟು ಜಲ್ಲಿ, ತನ್ನ ಕಾಲು. ಅವನು ಕಣ್ಣು ಮುಚ್ಚಿದ.

ಡೋಲು ನಿಧಾನಕ್ಕೆ ಶುರುವಾಯಿತು. ಅದು ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹತ್ತು ಹೆಜ್ಜೆಗೆ ಬೆನ್ನು ಉರಿಯತೊಡಗಿತು. ಇಪ್ಪತ್ತಕ್ಕೆ ಜಲ್ಲಿ ಮುಗಿದು ಹುಲ್ಲು ಬಂತು. ಎಡಗಡೆ ಯಾರೋ ಮುದುಕಿ ಮೂಗೆಳೆದಳು. ಬಲಗಡೆ ಒಂದು ಮಗು ಸಿಂಹ ಕಚ್ಚುತ್ತದೆಯೇ ಎಂದು ಕೇಳಿತು, ಇಲ್ಲ ಅಂದವಳು ಬೇಕರಿಯವಳು, ದನಿಯಲ್ಲೇ ಗೊತ್ತಾಯಿತು. ಗಾಳಿ ತಿರುಗಿದಾಗ ಪೆಟ್ಟಿಗೆಯ ಮೇಲಿನ ಎಲೆಯ ಹಾರದ ವಾಸನೆ ಹಿಂದಿನಿಂದ ಬಂದು ಬಟ್ಟೆಯೊಳಗೆ ತುಂಬಿತು. ಎಷ್ಟೊಂದು ಇತ್ತು ಇಲ್ಲಿ. ಒಂದು ಕಲ್ಲು ಅವನ ಕಣಕಾಲಿಗೆ ಬಡಿಯಿತು. ಅವನು ಸದ್ದು ಮಾಡಲಿಲ್ಲ.

ಗುಂಡಿಯ ಬಳಿ ಸಿಂಹ ನಿಂತಿತು. ಪಾದ್ರಿಯ ಮಾತು ಮುಗಿಯುವವರೆಗೆ ಅದು ತಲೆ ನೆಲಕ್ಕಿಟ್ಟು ಮಲಗಿರಬೇಕು. ನೊಹೆಯಾ ತಲೆ ಇಳಿಸಿದಳು, ಟೆಂಗಾನ್ ಮಂಡಿ ಮಡಚಿ ಹುಲ್ಲಿನ ಮೇಲೆ ಕೂತ. ಹಗ್ಗ ಜಾರುವ ಸದ್ದು, ಪೆಟ್ಟಿಗೆ ತಳ ಮುಟ್ಟಿದ ಸದ್ದು, ಮೊದಲ ಹಿಡಿ ಮಣ್ಣಿನ ಸದ್ದು, ಒಂದೊಂದೂ ಬೇರೆಬೇರೆಯಾಗಿ ಕೇಳಿತು.

ಸಿಂಹ ಏಳಬೇಕಾದ ಡೋಲಿನ ಪೆಟ್ಟು ಬಿತ್ತು. ಸಿಂಹದ ಮುಂಭಾಗ ಎದ್ದಿತು. ಹಿಂಭಾಗ ಏಳಲಿಲ್ಲ; ಒಳಗೆ ಟೆಂಗಾನ್ ಮಣ್ಣು ಬೀಳುವ ಸದ್ದಿಗೆ ಇನ್ನೂ ಕಿವಿಗೊಟ್ಟು ಕೂತಿದ್ದ. ಗುಶಿಕೆನ್ ಮತ್ತೊಮ್ಮೆ ಅದೇ ಪೆಟ್ಟು ಹಾಕಿದರು. ಜನ ಕತ್ತು ಚಾಚಿ ನೋಡಿದರು. ಇದು ಕುಣಿತದ ಭಾಗವೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ಗುಶಿಕೆನ್ ಮೂರನೆಯ ಸಲ ಎತ್ತಿದ ಕೋಲನ್ನು ಹಾಗೆಯೇ ಕೆಳಗಿಳಿಸಿದರು.

ಕಿತ್ತಳೆ ಕೂದಲಿನ ಆ ದೊಡ್ಡ ತಲೆ ನಿಧಾನಕ್ಕೆ ಕತ್ತು ತಿರುಗಿಸಿ, ಹುಲ್ಲಿನ ಮೇಲೆ ಕೂತೇ ಇದ್ದ ತನ್ನ ಹಿಂಗಾಲುಗಳನ್ನು ನೋಡುತ್ತ, ಕಾಯುತ್ತ ನಿಂತಿತು.